ಇಂಪೀಡೆನ್ಸ್‌ಗೆ ಮೊದಲು ಗ್ರಾಫ್ ಹಾಳೆ, ಆಮೇಲೆ ಸೂತ್ರ

ಪುಣೆಗೆ ಬಂದು ಮೂವತ್ತು ವರ್ಷವಾಯ್ತು. ಭಾನುವಾರಗಳಲ್ಲಿ ನಮ್ಮ ಸೊಸೈಟಿಯ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಿಕಲ್ ಹೇಳಿಕೊಡ್ತೀನಿ. ಕನ್ನಡದವರಿರಲಿ, ಮರಾಠಿಯವರಿರಲಿ, ಇಂಪೀಡೆನ್ಸ್ ಅಂದರೆ "ಆರ್ ಪ್ಲಸ್ ಜೆ ಎಕ್ಸ್" ಅಂತ ಮಗ್ಗಿಯ ಹಾಗೆ ಒಪ್ಪಿಸ್ತಾರೆ. "ಜೆ ಅಂದ್ರೆ ಏನಪ್ಪಾ?" ಅಂದರೆ "ಮೈನಸ್ ಒಂದರ ವರ್ಗಮೂಲ, ಅಂಕಲ್". ಹಾಗಂದ್ರೇನು ಅಂದರೆ ಎಲ್ಲರೂ ಚಾವಣಿ ನೋಡ್ತಾರೆ! ತಪ್ಪು ಹುಡುಗರದ್ದಲ್ಲ, ಕಲಿಸುವ ಕ್ರಮದ್ದು ಅಂತ ನನ್ನ ವಾದ.

ಗ್ರಾಫ್ ಹಾಳೆ ತಗೊಳ್ಳಿ. ಅಡ್ಡಗೆರೆಯ ಮೇಲೆ ರೆಸಿಸ್ಟೆನ್ಸ್. ಇಂಡಕ್ಟರಿನ ರಿಯಾಕ್ಟೆನ್ಸ್ ನೆಟ್ಟಗೆ ಮೇಲಕ್ಕೆ, ಕೆಪಾಸಿಟರಿನದ್ದು ಕೆಳಕ್ಕೆ. ಜೆ ಅಂದರೆ "90 ಡಿಗ್ರಿ ತಿರುಗು" ಅನ್ನುವ ಅಪ್ಪಣೆ, ಅಷ್ಟೇ. 30 ಓಮ್ ಬಲಕ್ಕೆ, 40 ಓಮ್ ಮೇಲಕ್ಕೆ ಹೋಗಿ. ಮೂಲದಿಂದ ಸ್ಕೇಲಿಟ್ಟು ಅಳೆದರೆ 70 ಅಲ್ಲ, 50! ಆ ಗೆರೆಯ ಓರೆ ಸುಮಾರು 53 ಡಿಗ್ರಿ. ವೋಲ್ಟೇಜಿಗಿಂತ ಕರೆಂಟು ಹಿಂದೆ ಬೀಳುವುದೂ ಅಷ್ಟೇ. ಫ್ರೀಕ್ವೆನ್ಸಿ 50ರಿಂದ 100 ಹರ್ಟ್ಸ್‌ಗೆ ಏರಿಸಿದರೆ ಬಿಂದು ನೇರ ಮೇಲೇರಿ 80ಕ್ಕೆ ನಿಲ್ಲುತ್ತೆ.

ಮತ್ತೆ 50 ಹರ್ಟ್ಸ್‌ಗೆ ಬಂದು, ಸೀರೀಸ್‌ನಲ್ಲಿ ಸುಮಾರು 80 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ. ಅದರದ್ದು 40 ಓಮ್ ಕೆಳಕ್ಕೆ. ಬಿಂದು ಅಡ್ಡಗೆರೆಗೆ ಇಳಿಯಿತು, ಉಳಿದದ್ದು 30 ಓಮ್ ಮಾತ್ರ. 230 ವೋಲ್ಟಿಗೆ 4.6 ಆಂಪಿಯರ್ ಇದ್ದ ಕರೆಂಟು 7.7 ಆಯ್ತು. ಈಗ ಕೆಪಾಸಿಟರಿನ ಮೇಲೆ 300 ವೋಲ್ಟಿಗೂ ಹೆಚ್ಚು! ಚಿತ್ರ ಬರೆದವನಿಗೆ ಇದು ಕಾಣುತ್ತೆ. ಸೂತ್ರ ಮಾತ್ರ ಉರುಹೊಡೆದವನು "ಸಪ್ಲೈ 230 ತಾನೇ" ಅಂತ 250 ವೋಲ್ಟಿನದ್ದನ್ನು ಹಾಕಿ ಹತ್ತಿರ ನಿಂತಿರ್ತಾನೆ. ಅದು ಸಿಡಿದರೆ ಮಾರ್ಕ್ಸ್ ಕಾಪಾಡುತ್ತಾ?

"ಈಗೆಲ್ಲ ಸಾಫ್ಟ್‌ವೇರ್ ಮಾಡುತ್ತೆ, ಗ್ರಾಫ್ ಯಾಕೆ?" ಅನ್ನುವವರಿದ್ದಾರೆ. ಬೆಲ್ ಲ್ಯಾಬ್ಸ್‌ನ ಫಿಲಿಪ್ ಸ್ಮಿತ್ 1939ರಲ್ಲಿ ಪ್ರಕಟಿಸಿದ ಸ್ಮಿತ್ ಚಾರ್ಟ್ ನೋಡಿ. ಇಂಪೀಡೆನ್ಸನ್ನು ಒಂದು ವೃತ್ತದೊಳಗೆ ಗುರುತಿಸುವ ಈ ನಕ್ಷೆ ಹುಟ್ಟಿದ್ದು ಕೈಲೆಕ್ಕದ ಕಷ್ಟ ತಪ್ಪಿಸೋಕೆ. ಲೆಕ್ಕವನ್ನು ಯಂತ್ರವೇ ಮಾಡುವ ಈ ಕಾಲದಲ್ಲೂ ನೆಟ್‌ವರ್ಕ್ ಅನಲೈಸರುಗಳು ಅದೇ ಚಾರ್ಟನ್ನು ಪರದೆ ಮೇಲೆ ತೋರಿಸುತ್ತವೆ. ಯಂತ್ರಕ್ಕೆ ಚಿತ್ರ ಬೇಡ, ನೋಡುವ ಮನುಷ್ಯನಿಗೆ ಬೇಕು.

ಪಾಠ ಮುಗಿಸೋಕೆ ಮೇಷ್ಟ್ರಿಗೆ ಪುರುಸೊತ್ತಿಲ್ಲ, ಗೊತ್ತು. ಆದರೂ ಒಂದು ತರಗತಿ, ಒಂದು ಹಾಳೆ, ಒಂದು ಸ್ಕೇಲು... ಇಷ್ಟು ಕೊಡೋದು ಕಷ್ಟವೇ? ನೀವೇ ಹೇಳಿ.