ಸಣ್ಣವರು ಕಟ್ಟಿದ ಆಟಗಳು ಮತ್ತು ನಮ್ಮ ಕೊಬ್ಬರಿ ಹೋರಿ

ಹೋದ ತಿಂಗಳು ಹಾನಗಲ್ಲಿನಿಂದ ಶಿಗ್ಗಾಂವಿಗೆ, ಅಕ್ಕನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ಜಗಳದ ಸದ್ದು. ಹತ್ತನೇ ಕ್ಲಾಸಿನ ಅಳಿಯ ಕಂಪ್ಯೂಟರ್ ಮುಂದೆ ಮುಖ ಊದಿಸಿಕೊಂಡು ಕೂತಿದ್ದಾನೆ, ಅಕ್ಕ ಕಿತ್ತ ಪ್ಲಗ್ಗು ಹಿಡಿದು ನಿಂತಿದ್ದಾಳೆ. "ನೋಡೋ ತಮ್ಮಾ, ಇವನೂ ಆಟಕ್ಕ ಬಿದ್ದಾನ. ಇನ್ನ ಹೊಲಾ ಮಾರೂದೊಂದ ಬಾಕಿ!" ಎಂದಳು. ನಾನು ಸುಮ್ಮನಿದ್ದೆ. ಆ ಆಟ ಹಾಕಿಕೊಟ್ಟವನು ನಾನೇ :)

ಅಕ್ಕನ ಹೆದರಿಕೆ ಸುಳ್ಳಲ್ಲ. ಅವರ ಓಣಿಯ ಹುಡುಗನೊಬ್ಬ ಮೊಬೈಲಿನಲ್ಲಿ ರಮ್ಮಿ ಆಡಿ ಟ್ರ್ಯಾಕ್ಟರಿನ ಕಂತಿಗೆಂದು ಇಟ್ಟಿದ್ದ ದುಡ್ಡು ಕಳೆದಿದ್ದ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು ಒಪ್ಪಿದ್ದು ೨೦೨೫ರ ಆಗಸ್ಟಿನಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಆಗಬಾರದ್ದು ಆಗಿಹೋಗಿತ್ತು. ಹಾಗಾಗಿ ನಮ್ಮ ಕಡೆ 'ಗೇಮ್' ಅಂದರೆ ಒಂದೋ ಜೂಜು, ಇಲ್ಲವೇ ಬಂದೂಕು ಹಿಡಿದು ಢಂ ಢಂ. ಆದರೆ ಮೂರನೆಯದೂ ಒಂದಿದೆ. ದೊಡ್ಡ ಕಂಪನಿಗಳ ಹಂಗಿಲ್ಲದೆ ಒಬ್ಬರೋ, ಒಂದು ಸಣ್ಣ ಗುಂಪೋ ಕೂತು ಕಟ್ಟಿದ ಆಟಗಳು. ಇವಕ್ಕೆ 'ಇಂಡೀ' ಆಟಗಳು ಅನ್ನುತ್ತಾರೆ. ನಾನು ಹೇಳುತ್ತಿರುವ ನಾಲ್ಕೂ ಒಮ್ಮೆ ಕೊಂಡರೆ ಮುಗಿಯಿತು. ಮತ್ತೆ ಮತ್ತೆ ದುಡ್ಡು ಕೇಳುವುದಿಲ್ಲ, ಜಾಹೀರಾತಿನ ಕಾಟವೂ ಇಲ್ಲ.

ಅಳಿಯ ಆಡುತ್ತಿದ್ದದ್ದು 'ಸ್ಟಾರ್‌ಡ್ಯೂ ವ್ಯಾಲಿ'. ಎರಿಕ್ ಬರೋನ್ ಎಂಬ ಅಮೆರಿಕದ ಹುಡುಗ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕೂತು ಚಿತ್ರ, ಸಂಗೀತ, ಕಥೆ, ಪ್ರೋಗ್ರಾಮು ಎಲ್ಲವನ್ನೂ ಮಾಡಿ ೨೦೧೬ರಲ್ಲಿ ಹೊರತಂದ. ಆ ದಿನಗಳಲ್ಲಿ ಹೊಟ್ಟೆಪಾಡಿಗೆ ಒಂದು ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ ಮಾಡುತ್ತಿದ್ದನಂತೆ. ೨೦೨೪ರ ಕೊನೆಯ ಹೊತ್ತಿಗೆ ಆ ಆಟದ ನಾಲ್ಕು ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾಗಿದ್ದವು. ಕಥೆ ಇಷ್ಟೇ: ಪಟ್ಟಣದ ಆಫೀಸಿನಲ್ಲಿ ಬೇಸತ್ತವನು ಅಜ್ಜ ಬಿಟ್ಟುಹೋದ ಹೊಲಕ್ಕೆ ಮರಳುತ್ತಾನೆ. ಇಪ್ಪತ್ತೆಂಟು ದಿನಕ್ಕೊಂದು ಋತು. ಋತು ಮುಗಿಯುವುದರೊಳಗೆ ಕಟಾವು ಮಾಡದಿದ್ದರೆ ಹೆಚ್ಚಿನ ಬೆಳೆಗಳು ಒಣಗಿಹೋಗುತ್ತವೆ. ರಾತ್ರಿ ಮಲಗಿದರೆ ಮಾತ್ರ ಆ ದಿನದ ಆಟ ಉಳಿಯುತ್ತದೆ. ಅಕ್ಕ ಪ್ಲಗ್ಗು ಕಿತ್ತಾಗ ಅಳಿಯನ ಒಂದು ದಿನದ ಬಿತ್ತನೆ ಪೂರ್ತಿ ಹೋಗಿತ್ತು, ಪಾಪ!

ಒಂದು ತಕರಾರು ಅಳಿಯನೇ ಹೇಳಿದ: "ಮಾಮಾ, ಇದರಾಗ ಎಷ್ಟ ಬೆಳದ್ರೂ ರೇಟ್ ಬೀಳೂದ ಇಲ್ಲ ನೋಡು." ಗೋವಿನಜೋಳ, ಹತ್ತಿ ಬೆಳೆಯುವ ಮನೆಯ ಹುಡುಗನಿಗೆ ಇದು ಹೊಳೆಯದೆ ಇರುತ್ತದೆಯೇ? ನಾನು ಎಷ್ಟೋ ದಿನ ಆಡಿದ್ದರೂ ನನಗೆ ಹೊಳೆದಿರಲಿಲ್ಲ.

ಎರಡನೆಯದು ಲೂಕಸ್ ಪೋಪ್ ಮಾಡಿದ 'ಪೇಪರ್ಸ್, ಪ್ಲೀಸ್' (೨೦೧೩). ಇಲ್ಲಿ ನೀವು ಒಂದು ಕಾಲ್ಪನಿಕ ದೇಶದ ಗಡಿಯಲ್ಲಿ ಕೂತ ಗುಮಾಸ್ತ. ಬಂದವರ ಕಾಗದ ನೋಡಿ ಒಳಗೆ ಬಿಡಬೇಕು, ಇಲ್ಲವೇ ವಾಪಸ್ ಕಳಿಸಬೇಕು. ತಪ್ಪು ಮಾಡಿದರೆ ಮೊದಲು ಎಚ್ಚರಿಕೆ, ಆಮೇಲೆ ದಂಡ. ಸಂಜೆ ಬಂದ ದುಡ್ಡಿನಲ್ಲಿ ಬಾಡಿಗೆ, ಊಟ, ಔಷಧಿ ಎಲ್ಲ ತೂಗಬೇಕು. ಎದುರಿಗೆ ಒಬ್ಬಳು ಅಳುತ್ತಾ ನಿಂತಿದ್ದಾಳೆ, ಕಾಗದ ಸರಿ ಇಲ್ಲ. ಮನೆಯಲ್ಲಿ ಮಗನಿಗೆ ಹುಷಾರಿಲ್ಲ. ಏನು ಮಾಡುತ್ತೀರಿ? ಯಾವುದಾದರೂ ಕಚೇರಿಯಲ್ಲಿ ಕಾಗದ ಹಿಡಿದು ಸಾಲಿನಲ್ಲಿ ನಿಂತವರೆಲ್ಲ ಒಮ್ಮೆ ಕೌಂಟರಿನ ಆ ಕಡೆ ಕೂತು ನೋಡಬೇಕು.

ಮೂರನೆಯ ಆಟಕ್ಕೆ ಅಕ್ಕನನ್ನೂ ಕೂರಿಸಿದೆ. ಟೊರಾಂಟೊದ ವಿಸೈ ಗೇಮ್ಸ್ ೨೦೨೩ರಲ್ಲಿ ತಂದ 'ವೆಂಬಾ'. ಕೆನಡಾಕ್ಕೆ ಹೋದ ತಮಿಳು ತಾಯಿಯೊಬ್ಬಳು ತನ್ನ ಅವ್ವನ ಹಾಳಾದ ಅಡುಗೆ ಪುಸ್ತಕ ಹಿಡಿದುಕೊಂಡು, ಅಳಿಸಿಹೋದ ಸಾಲುಗಳನ್ನು ಊಹಿಸುತ್ತಾ ಅಡುಗೆ ಮಾಡುತ್ತಾಳೆ. ಮಗ ನಿಧಾನವಾಗಿ ಅವಳ ಭಾಷೆಯಿಂದ ದೂರ ಸರಿಯುತ್ತಾನೆ. ಇಡ್ಲಿ ತಟ್ಟೆ ಜೋಡಿಸುವಾಗ ಅಳಿಯ ತಪ್ಪಿದ. ಬಾಗಿಲಲ್ಲಿ ನಿಂತಿದ್ದ ಅಕ್ಕ "ಹಂಗ ಇಟ್ರ ಉಗಿ ಹೆಂಗ ಹಾಯ್ತದೋ?" ಅಂತ ಬಂದು ಪಕ್ಕದಲ್ಲೇ ಕೂತಳು. ಆಟ ಮುಗಿಯುವವರೆಗೆ ಏಳಲಿಲ್ಲ :) ಈ ಸಣ್ಣ ಆಟಕ್ಕೆ ೨೦೨೪ರಲ್ಲಿ ಬಾಫ್ಟಾ ಪ್ರಶಸ್ತಿಯೂ ಬಂತು.

ಕೊನೆಯದು 'ನೆವರ್ ಅಲೋನ್' (೨೦೧೪). ಅಲಾಸ್ಕಾದ ಇನುಪಿಯಾಟ್ ಜನರ ಹಳೆಯ ಕಥೆ. ಒಬ್ಬ ಹುಡುಗಿ, ಒಂದು ಹಿಮನರಿ, ನಿಲ್ಲದ ಬಿರುಗಾಳಿ. ಕಥೆ ಹೇಳುವ ದನಿ ಅವರದೇ ಭಾಷೆಯಲ್ಲಿದೆ. ನಡುನಡುವೆ ಅಲ್ಲಿಯ ಹಿರಿಯರು ಮಾತಾಡುವ ಸಣ್ಣ ಚಿತ್ರಗಳೂ ಇವೆ. ಆ ಭಾಷೆ ಆಡುವವರ ಸಂಖ್ಯೆ ನಮ್ಮ ಹಾನಗಲ್ ಪೇಟೆಯ ಜನಸಂಖ್ಯೆಗಿಂತ ಬಹಳ ಕಡಿಮೆ!

ನನ್ನನ್ನು ಚುಚ್ಚುವುದು ಇದೇ. ಅಷ್ಟು ಕಡಿಮೆ ಜನರ ಕಥೆ ಆಟವಾಯಿತು, ತಮಿಳರ ಇಡ್ಲಿ ಆಟವಾಯಿತು. ನಮ್ಮ ಕೊಬ್ಬರಿ ಹೋರಿ ಯಾಕೆ ಆಗಬಾರದು? ದೀಪಾವಳಿಯಿಂದ ಶುರುವಾದರೆ ಹಿರೇಕೆರೂರು, ಹಾನಗಲ್ ಕಡೆಯ ಹಳ್ಳಿಗಳಲ್ಲಿ ಅದರದೇ ಮಾತು. ಹೋರಿಗೊಂದು ಹೆಸರು, ಅದಕ್ಕೊಂದು ಅಭಿಮಾನಿ ಬಳಗ, ಕೊರಳಲ್ಲಿ ಕೊಬ್ಬರಿ ಹಾರ. ವರ್ಷಪೂರ್ತಿ ಮೇಯಿಸಿ, ಈಜಿಸಿ, ಓಡಿಸಿ ತಯಾರು ಮಾಡುವುದೇ ಒಂದು ಆಟ. ಪ್ರತಿ ವರ್ಷ ಹೋರಿ ತಿವಿದು ಯಾರದೋ ಮನೆಯ ಮಗ ಹೋದ ಸುದ್ದಿ ಓದುತ್ತೇವೆ. ಪರದೆಯ ಮೇಲೆ ಓಡಿದರೆ ಯಾರಿಗೂ ಪೆಟ್ಟಿಲ್ಲ. ಸವಣೂರಿನ ದೊಡ್ಡ ಹುಣಸೆ ಮರಗಳಿವೆ, ಹಾನಗಲ್ಲಿನ ತಾರಕೇಶ್ವರ ಗುಡಿಯಿದೆ. ಕಥೆ ಹೇಳುವ ಹಿರಿಯರು ಊರೂರಲ್ಲೂ ಇದ್ದಾರೆ. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಆಟ ಕಟ್ಟುವ 'ಗೊಡೋ' ತಂತ್ರಾಂಶ ಪೂರ್ತಿ ಪುಕ್ಕಟೆ. ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ.

ಒಂದು ಮಾತು ಒಪ್ಪಬೇಕು. ಈ ಆಟಗಳನ್ನು ಆಡಲು ಇಂಗ್ಲಿಷ್ ಬೇಕು. ಅಳಿಯನಿಗೆ ಅರ್ಧ ನಾನೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿದೆ. ಹೀಗೆ ಪಕ್ಕದಲ್ಲಿ ಕೂರುವುದು ಪ್ಲಗ್ಗು ಕೀಳುವುದಕ್ಕಿಂತ ಒಳ್ಳೆಯದು ಅನ್ನುವುದೇ ನನ್ನ ವಾದ. ಜೂಜು ಬಿಡಿಸಬೇಕು ನಿಜ, ಆದರೆ ಅದರ ಜಾಗದಲ್ಲಿ ಹುಡುಗರ ಕೈಗೆ ಏನಾದರೂ ಕೊಡಬೇಕಲ್ಲ?

ಅಳಿಯ ಈಗ ಚೌಕಳಿ ಹಾಳೆಯ ಮೇಲೆ ಹೋರಿ ಬಿಡಿಸುತ್ತಿದ್ದಾನೆ. ಸದ್ಯಕ್ಕೆ ಅದು ಕತ್ತೆಯ ಹಾಗೆ ಕಾಣುತ್ತದೆ :) ಮಾರ್ಚಿನ ಪರೀಕ್ಷೆ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಓಡಿಸಲು ಅಕ್ಕ ಒಪ್ಪಿದ್ದಾಳೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಏನಂತೀರಿ?