ಮಂದಮತಿಯೋ, ಮಂದಗ್ರಂಥಿಯೋ?

ದೇಹವನ್ನು ದೇಗುಲವಾಗಿ ಕಂಡವರು ಶರಣರು. ಆ ದೇಗುಲದ ಒಳಾಡಳಿತವನ್ನು ಕಣ್ಣಿಗೆ ಕಾಣದೆ ನಡೆಸುವ ಪರಿಚಾರಕರಲ್ಲಿ ನಿರ್ನಾಳ ಗ್ರಂಥಿಗಳು ಮುಖ್ಯವಾದವು. ಇವು ತಮ್ಮ ಸ್ರಾವವನ್ನು ನಾಳದ ಹಂಗಿಲ್ಲದೆ ನೇರವಾಗಿ ರಕ್ತಕ್ಕೆ ಬೆರೆಸುತ್ತವೆ. ಆಂಗ್ಲ ವಿಜ್ಞಾನಿ ಸ್ಟಾರ್ಲಿಂಗ್ 1905ರಲ್ಲಿ ಇಂತಹ ಸ್ರಾವಗಳಿಗೆ ‘ಹಾರ್ಮೋನು’ ಎಂಬ ಹೆಸರನ್ನು ಬಳಕೆಗೆ ತಂದನು. ಪ್ರಚೋದಿಸು ಎಂಬರ್ಥದ ಗ್ರೀಕ್ ಪದವೇ ಇದರ ಮೂಲ. ಕನ್ನಡದ ‘ಚೋದನಿಕೆ’ ಎಂಬ ಮಾತು ಆ ಅರ್ಥಕ್ಕೆ ಚೆನ್ನಾಗಿ ಒಪ್ಪುತ್ತದೆ.

ಈ ಗ್ರಂಥಿಗಳಿಗೂ ಪಾಠಶಾಲೆಗೂ ನಿಕಟವಾದ ನಂಟುಂಟು. ಕೊರಳಿನಲ್ಲಿರುವ ಥೈರಾಯಿಡ್ ಗ್ರಂಥಿಯ ಚೋದನಿಕೆ ಕುಂದಿದರೆ ಮಗುವಿನ ಎತ್ತರ ಕುಂಠಿತವಾಗಬಹುದು. ಆಲಸ್ಯ, ತೂಕಡಿಕೆ, ಚಳಿ ತಾಳದಿರುವಿಕೆ, ಮಲಬದ್ಧತೆ ಕಾಣಿಸಿಕೊಳ್ಳಬಹುದು. ಪಾಠ ತಲೆಗೆ ಹತ್ತದಿರಬಹುದು. ಅಂತಹ ಬಾಲಕನನ್ನು ಸೋಮಾರಿಯೆಂದು ಜರೆಯುವುದು, ದಂಡಿಸುವುದು ಅನ್ಯಾಯವಲ್ಲವೆ? ಎಲ್ಲ ಮಂದತೆಗೂ ಗ್ರಂಥಿಯೇ ಕಾರಣವೆಂದಲ್ಲ. ಆದರೆ ಕಾರಣವನ್ನು ಅರಿಯದೆ ತೀರ್ಪು ಕೊಡುವುದು ಗುರುಧರ್ಮವಲ್ಲ.

ಥೈರಾಯಿಡ್ ತನ್ನ ಚೋದನಿಕೆಯನ್ನು ತಯಾರಿಸಲು ಅಯೋಡಿನ್ ಬೇಕು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಅದೂ ದೊರೆಯದಿದ್ದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಥೈರಾಯಿಡನ್ನು ಇನ್ನಷ್ಟು ಪ್ರಚೋದಿಸುತ್ತದೆ. ದುಡಿದು ದುಡಿದು ಅದು ಊದಿಕೊಳ್ಳುವುದೇ ಗಳಗಂಡ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಆರಂಭಿಸಿದ ಅಧ್ಯಯನ ಇಲ್ಲಿ ಸ್ಮರಣೀಯ. ಅಯೋಡಿನ್ ಬೆರೆಸಿದ ಉಪ್ಪನ್ನು ಬಳಸಿದ ವಲಯಗಳ ಶಾಲಾಮಕ್ಕಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ಭಾರತ ಸರ್ಕಾರ ಗಳಗಂಡ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮವನ್ನೇ ಕೈಗೊಂಡಿತು.

ಉಪ್ಪು ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ದೇಹದ ರಕ್ಷಣಾವ್ಯವಸ್ಥೆಯೇ ತಪ್ಪಾಗಿ ಗ್ರಂಥಿಯನ್ನು ಕೆಡಿಸುವುದೂ ಉಂಟು. ಕೊರತೆ ಯಾವ ಕಾರಣದ್ದೇ ಆಗಲಿ, ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ವೈದ್ಯರು ಗೊತ್ತುಪಡಿಸಿದ ಮಾತ್ರೆಯಿಂದ ನೀಗುತ್ತದೆ.

ಆದ್ದರಿಂದ ಮಠಮಾನ್ಯಗಳ ಶಾಲೆಗಳು ಎರಡು ಕಾರ್ಯಗಳನ್ನು ನೇಮವಾಗಿ ಕೈಗೊಳ್ಳುವುದು ಉಚಿತ. ದಾಸೋಹದ ಅಡುಗೆಮನೆಯಲ್ಲಿ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿ, ತೇವ ತಗುಲದಂತೆ ಮುಚ್ಚಿಡಬೇಕು. ವರ್ಷಕ್ಕೊಮ್ಮೆ ಮಕ್ಕಳ ಎತ್ತರವನ್ನು ಅಳೆದು, ಕೊರಳನ್ನು ವೈದ್ಯರಿಂದ ಪರೀಕ್ಷಿಸಿ, ಬೆಳವಣಿಗೆ ನಿಂತವರನ್ನು ಚಿಕಿತ್ಸೆಗೆ ಕಳುಹಿಸಬೇಕು. ಅನ್ನದಾಸೋಹ, ಅಕ್ಷರದಾಸೋಹಗಳಿಗೆ ಇದೂ ಸೇರಿದರೆ ಸೇವೆ ಪೂರ್ಣವಾದೀತು. ‘ದಡ್ಡ’ ಎಂಬ ಮಾತು ಗುರುವಿನ ಬಾಯಿಂದ ಬರುವ ಮುನ್ನ ಅವನ ಕಣ್ಣು ಶಿಷ್ಯನ ಕೊರಳ ಮೇಲೆ ಒಮ್ಮೆ ನಿಲ್ಲಲಿ.