ಬರಿಗಾಲಿನ ರಾಣಿ

ಮಕ್ಕಳೇ, ನಮ್ಮ ಹಿರೀಸಾವೆಯ ಹೆದ್ದಾರಿ ಹಿಡಿದು ಪಡುವಲಿಗೆ ಹೋದರೆ ಮಂಗಳೂರು. ನೇತ್ರಾವತಿ ದಾಟಿದರೆ ಉಳ್ಳಾಲ. ಮೊನ್ನೆ ಅಲ್ಲಿನ ಕಡಲ ದಂಡೆಯಲ್ಲಿ ನಾನು ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಕೈಲಿ ಹಿಡಿದು ನಡೆದೆ. ಮೊಮ್ಮಗಳು, "ತಾತ, ಎಲ್ಲಾರೂ ನೋಡ್ತಾವ್ರೆ" ಅಂತ ನಾಲ್ಕು ಮಾರು ದೂರ ಸರಿದಳು. ಕೂರಿಸಿಕೊಂಡು ಈ ಕಥೆ ಹೇಳಿದೆ.

ಉಳ್ಳಾಲ ಚೌಟ ರಾಣಿಯರ ಊರು. ಪೋರ್ಚುಗೀಸರಿಗೆ ಕಪ್ಪ ಕೊಡಲೊಲ್ಲದೆ ಕಾದಾಡಿದ ಅಬ್ಬಕ್ಕನ ಊರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಾಣಲು ಬಂದ. ಆಕೆ ಸಿಕ್ಕಿದ್ದು ಅರಮನೆಯಲ್ಲಲ್ಲ, ಮಣೇಲಿನ ದಾರಿಯಲ್ಲಿ. ತೋಡು ಅಗೆಸುವ ಕೆಲಸ ನೋಡಲು ಹೋಗಿದ್ದವಳು ಬರಿಗಾಲಲ್ಲೇ ನಡೆದು ಬರುತ್ತಿದ್ದಳು. ಅಡುಗೆಯಾಳಿನಂತೆ ಕಂಡಳಂತೆ! ಮಾತು ಕೇಳಿದ ಮೇಲೆಯೇ ರಾಣಿಯ ಗತ್ತು ತಿಳಿಯಿತು ಎಂದು ಆತ ಬರೆದಿಟ್ಟಿದ್ದಾನೆ.

ಮೊಮ್ಮಗಳು ಏನೂ ಅನ್ನಲಿಲ್ಲ. ಬೂಟು ಬಿಚ್ಚಿದಳು, ಹೊರಲು ನನ್ನ ಕೈಗೇ ಕೊಟ್ಟಳು.